ಪಾಠ ಮಾಡುವುದನ್ನು ಕಲಿಯುವುದು ಎಲ್ಲಿ: ಕಾಲೇಜಿನಲ್ಲೋ, ಶಾಲೆಯಲ್ಲೋ?

ಪ್ರಾಥಮಿಕ ಶಾಲೆಯ ಶಿಕ್ಷಕರಾಗಲು ಏನು ಓದಬೇಕು ಎಂಬ ಸರಳ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಸಿಕ್ಕಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವಂತೆ ಕಾಣುವುದಿಲ್ಲ. ಬಿ.ಎಡ್ ಪದವಿಯೊಂದೇ ಇದ್ದರೆ ಒಂದರಿಂದ ಐದನೇ ತರಗತಿಗೆ ಪಾಠ ಮಾಡುವ ಅರ್ಹತೆ ಬರುವುದಿಲ್ಲ ಎಂದು 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ, ಪಿಯುಸಿ ನಂತರ ನೇರವಾಗಿ ಸೇರಬಹುದಾದ ನಾಲ್ಕು ವರ್ಷಗಳ ಸಮಗ್ರ ಶಿಕ್ಷಕ ಶಿಕ್ಷಣ ಕಾರ್ಯಕ್ರಮ, ಅಂದರೆ ಐಟಿಇಪಿ, ದೇಶದ 57 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ಹೊರಡಿಸಿದ ಕರಡು ನಿಯಮಾವಳಿಯಲ್ಲಿ ಒಂದು ವರ್ಷದ ಬಿ.ಎಡ್ ಮತ್ತೆ ಕಾಣಿಸಿಕೊಂಡಿತು. ಆ ವರ್ಷದ ಸೆಪ್ಟೆಂಬರ್ 1ರಂದು, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿ ಉಳಿದಿರುವ ಸೇವಾನಿರತ ಶಿಕ್ಷಕರೂ ಎರಡು ವರ್ಷದೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸು ಮಾಡಬೇಕು ಎಂಬ ತೀರ್ಪು ಬಂತು.

ಈ ಸುದ್ದಿಗಳಲ್ಲೆಲ್ಲ ಚರ್ಚೆಯಾದದ್ದು ಯಾವ ಸರ್ಟಿಫಿಕೇಟು, ಎಷ್ಟು ವರ್ಷ, ಯಾವ ಪರೀಕ್ಷೆ ಎಂಬ ಸಂಗತಿ. ಇವುಗಳ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ: ಆರು ವರ್ಷದ ಮಗುವಿಗೆ ಓದು ಕಲಿಸುವುದನ್ನು ಭಾವಿ ಶಿಕ್ಷಕ ಎಲ್ಲಿ ಕಲಿಯಬೇಕು? ಹೆಚ್ಚು ಕಾಲವನ್ನು ಶಾಲೆಯಲ್ಲೇ ಕಳೆಯಲಿ ಎಂಬ ಉತ್ತರ ಈಗ ಬಹುತೇಕ ಸರ್ವಸಮ್ಮತ. ಆದರೆ ಶಾಲೆಯಲ್ಲಿ ಅವರಿಗೆ ಕಲಿಸುವವರು ಯಾರು ಎಂಬುದನ್ನು ನಿರ್ಧರಿಸದೆ ದಿನಗಳನ್ನಷ್ಟೇ ಹೆಚ್ಚಿಸುತ್ತ ಹೋದರೆ ತರಬೇತಿಯ ಗುಣಮಟ್ಟ ಏರುವುದಿಲ್ಲ, ಶಾಲೆಗಳಿಗೆ ಸಂಬಳವಿಲ್ಲದ ಬದಲಿ ಶಿಕ್ಷಕರು ಸಿಗುತ್ತಾರೆ, ಅಷ್ಟೆ. ಈ ಲೇಖನದ ವಾದ ಇದು.

ಕಾನೂನು ನಡೆದುಬಂದ ದಾರಿ

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 23ನೇ ಕಲಮಿನ ಅಡಿಯಲ್ಲಿ ಶಿಕ್ಷಕರ ಕನಿಷ್ಠ ವಿದ್ಯಾರ್ಹತೆಯನ್ನು ಗೊತ್ತುಪಡಿಸುವ ಅಧಿಕಾರ ಎನ್‌ಸಿಟಿಇಗೆ ಸಿಕ್ಕಿತು. ಅದೇ ವರ್ಷದ ಆಗಸ್ಟ್ 23ರ ಅಧಿಸೂಚನೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ಪಾಠ ಮಾಡುವವರಿಗೆ ಪಿಯುಸಿಯ ಮೇಲೆ ಎರಡು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಪ್ರಾಥಮಿಕ ಶಿಕ್ಷಣ ಪದವಿ (ಬಿ.ಎಲ್.ಎಡ್) ಬೇಕು, ಜೊತೆಗೆ ಟಿಇಟಿಯೂ ಆಗಿರಬೇಕು. ಆ ಡಿಪ್ಲೊಮಾ ಕರ್ನಾಟಕದಲ್ಲಿ ಹಿಂದೆ ಟಿಸಿಎಚ್ ಎಂದೂ ಆಮೇಲೆ ಡಿ.ಎಡ್ ಎಂದೂ ಕರೆಸಿಕೊಂಡು ಈಗ ಡಿ.ಎಲ್.ಎಡ್ ಆಗಿದೆ.

2018ರ ಜೂನ್ 28ರಂದು ಎನ್‌ಸಿಟಿಇ ಈ ಬಾಗಿಲನ್ನು ಬಿ.ಎಡ್ ಆದವರಿಗೂ ತೆರೆಯಿತು. ನೇಮಕವಾದ ಎರಡು ವರ್ಷದೊಳಗೆ ಆರು ತಿಂಗಳ ಸೇತುಬಂಧ ಕೋರ್ಸ್ ಮುಗಿಸಬೇಕೆಂಬ ಷರತ್ತು ಮಾತ್ರ ಇತ್ತು. ರಾಜಸ್ಥಾನ ಹೈಕೋರ್ಟ್ ಇದನ್ನು 2021ರಲ್ಲಿ ರದ್ದುಪಡಿಸಿತು. 2023ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಸಂವಿಧಾನದ 21ಎ ವಿಧಿ ಕೊಡುವ ಹಕ್ಕು ಗುಣಮಟ್ಟದ ಶಿಕ್ಷಣದ ಹಕ್ಕೂ ಹೌದು, ಪುಟ್ಟ ಮಕ್ಕಳಿಗೆ ಕಲಿಸುವ ಬೋಧನಾ ಕೌಶಲವನ್ನು ಬಿ.ಎಡ್ ಕೊಡುವುದಿಲ್ಲ ಎಂಬುದು ನ್ಯಾಯಾಲಯದ ತರ್ಕ. ಬಿ.ಎಡ್ ಕೆಳದರ್ಜೆಯದು ಎಂದು ಇದರ ಅರ್ಥವಲ್ಲ. ಪದವಿ ಮತ್ತು ಟಿಇಟಿ ಜೊತೆಗಿದ್ದರೆ ಆರರಿಂದ ಎಂಟನೇ ತರಗತಿಗೆ ಬಿ.ಎಡ್ ಈಗಲೂ ಸಲ್ಲುತ್ತದೆ. ಎರಡೂ ಬೇರೆ ಬೇರೆ ಕಸುಬುಗಳು ಎಂದು ನ್ಯಾಯಾಲಯ ಗುರುತಿಸಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಂದನೇ ತರಗತಿಗೆ ಕಲಿಸುವುದು ವಿಶೇಷ ಕೌಶಲ ಎಂದು ಒಪ್ಪಿಕೊಂಡ ಮೇಲೆ, ಆ ಕೌಶಲ ಯಾವ ಸ್ಥಳದಲ್ಲಿ, ಯಾರ ಕೈಕೆಳಗೆ ಮೈಗೂಡುತ್ತದೆ ಎಂಬುದನ್ನೂ ಕೇಳಲೇಬೇಕಾಗುತ್ತದೆ. ಈ ಎರಡನೆಯ ಪ್ರಶ್ನೆ ನ್ಯಾಯಾಲಯದ ಮುಂದೆ ಇರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದದ್ದು ನಿಯಮಾವಳಿಯಲ್ಲಿ.

ಇಪ್ಪತ್ತು ವಾರ ಎಂದರೆ ಏನು

ಶಾಲೆಯಲ್ಲಿ ಕಲಿಯುವ ಅವಧಿಯನ್ನು ಗಣನೀಯವಾಗಿ ಹೆಚ್ಚಿಸಿದ್ದು ಎನ್‌ಸಿಟಿಇಯ 2014ರ ನಿಯಮಾವಳಿ. ಎರಡು ವರ್ಷದ ಕೋರ್ಸುಗಳಲ್ಲಿ ಕನಿಷ್ಠ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಇರಬೇಕು, ಅದರಲ್ಲಿ ನಾಲ್ಕು ವಾರ ಮೊದಲ ವರ್ಷದಲ್ಲಿ, ಉಳಿದ 16 ವಾರ ಎರಡನೇ ವರ್ಷದಲ್ಲಿ ಎಂದು ಅದು ಗೊತ್ತುಪಡಿಸಿತು. ಇದರ ಹಿಂದೆ, ಶಿಕ್ಷಕ ಶಿಕ್ಷಣದ ಬಗ್ಗೆ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕೊಟ್ಟ ವರದಿಯಿತ್ತು. ತರಬೇತಿ ಕಾಲೇಜುಗಳ ಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ, ಹತ್ತು ಸಾವಿರಕ್ಕೂ ಹೆಚ್ಚು ಸ್ವತಂತ್ರ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ಸಂಸ್ಥೆಗಳು ಹಣಕ್ಕೆ ಪದವಿ ಮಾರುತ್ತಿವೆ ಎಂದು ಆ ಆಯೋಗವನ್ನೇ ಉಲ್ಲೇಖಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬರೆಯಿತು. ಸರ್ಕಾರಿ ದಾಖಲೆಯೊಂದು ತನ್ನದೇ ಮಾನ್ಯತೆ ಪಡೆದ ಸಂಸ್ಥೆಗಳ ಬಗ್ಗೆ ಇಷ್ಟು ನೇರವಾಗಿ ಮಾತಾಡುವುದು ಅಪರೂಪ.

ಇಂಟರ್ನ್‌ಶಿಪ್ ಬರುವುದಕ್ಕೆ ಮುಂಚೆ ಇದ್ದದ್ದು ‘ಅಭ್ಯಾಸ ಪಾಠ’. ಪ್ರಶಿಕ್ಷಣಾರ್ಥಿ ಪಾಠ ಯೋಜನೆ ಬರೆದು, ಉಪನ್ಯಾಸಕರ ಸಹಿ ಪಡೆದು, ಚಾರ್ಟು ಅಂಟಿಸಿಕೊಂಡು ಹತ್ತಿರದ ಶಾಲೆಗೆ ಹೋಗುತ್ತಿದ್ದರು. ಒಂದು ಪೀರಿಯಡ್ಡು ಪಾಠ. ಹಿಂದಿನ ಬೆಂಚಿನಲ್ಲಿ ಕುಳಿತ ಉಪನ್ಯಾಸಕರು ಪೀಠಿಕೆ, ಪ್ರಶ್ನೆ ಕೇಳುವಿಕೆ, ಕಪ್ಪುಹಲಗೆಯ ಬಳಕೆ ಎಂದು ಅಂಕಣವಾರು ಅಂಕ ಹಾಕುತ್ತಿದ್ದರು. ಈ ವ್ಯವಸ್ಥೆಯ ದೋಷ ಅದರ ಸ್ವರೂಪದಲ್ಲೇ ಇತ್ತು. ಪಾಠ ಮಾಡಿದವರಿಗೆ ಮಕ್ಕಳ ಹೆಸರು ಗೊತ್ತಿರಲಿಲ್ಲ. ನಿನ್ನೆ ಅವರು ಏನು ಕಲಿತಿದ್ದರು, ಇವತ್ತು ಹೇಳಿದ್ದು ನಾಳೆಗೆ ಎಷ್ಟು ಉಳಿಯಿತು ಎಂದು ತಿಳಿಯುವ ಅವಕಾಶವೂ ಇರಲಿಲ್ಲ. ಮಗು ಕಲಿತಿದೆಯೋ ಇಲ್ಲವೋ ಎಂಬುದು ಮೌಲ್ಯಮಾಪನದ ಅಂಕಣಗಳಲ್ಲೇ ಇರಲಿಲ್ಲ. ಹೀಗಾಗಿ ಪಾಠವನ್ನು ಪ್ರದರ್ಶಿಸುವುದರಲ್ಲಿ ಪಳಗಿದವರು ಹೊರಬರುತ್ತಿದ್ದರು, ಪಾಠದಿಂದ ಏನಾಯಿತು ಎಂದು ನೋಡಲು ಕಲಿತವರು ಬರುತ್ತಿರಲಿಲ್ಲ.

ಒಂದೇ ತರಗತಿಯಲ್ಲಿ ವಾರಗಟ್ಟಲೆ ಇದ್ದರೆ ಈ ಕೊರತೆ ನೀಗುತ್ತದೆ ಎಂಬುದು 2014ರ ನಿಯಮದ ಲೆಕ್ಕಾಚಾರ. ಸೋಮವಾರ ತಾನು ಹೇಳಿದ್ದು ಶುಕ್ರವಾರ ಮಗುವಿನ ನೋಟ್‌ಬುಕ್ಕಿನಲ್ಲಿ ಯಾವ ರೂಪದಲ್ಲಿ ಕಾಣುತ್ತದೆ ಎಂಬುದನ್ನು ಪ್ರಶಿಕ್ಷಣಾರ್ಥಿ ಕಣ್ಣಾರೆ ನೋಡುತ್ತಾನೆ. ಲೆಕ್ಕಾಚಾರ ಸರಿಯಾಗಿದೆ, ಅದು ಈಡೇರಬೇಕಾದರೆ ಬೇಕಾದ ವ್ಯವಸ್ಥೆಯ ಮಾತು ಮುಂದೆ ಬರುತ್ತದೆ.

ಹೊಸದೆಂದು ಕಾಣುವ ಹಳೆಯ ವಿಚಾರ

ಶಾಲೆಯಲ್ಲೇ ಶಿಕ್ಷಕರನ್ನು ತಯಾರು ಮಾಡುವ ಪದ್ಧತಿ ತರಬೇತಿ ಕಾಲೇಜುಗಳಿಗಿಂತ ಹಳೆಯದು. ಅದರ ಒಂದು ಪ್ರಸಿದ್ಧ ರೂಪ ಹುಟ್ಟಿದ್ದು ನಮ್ಮ ಪಕ್ಕದ ಮದರಾಸಿನಲ್ಲಿ. 1789ರಲ್ಲಿ ಅಲ್ಲಿನ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಣೆ ವಹಿಸಿಕೊಂಡ ಆಂಡ್ರ್ಯೂ ಬೆಲ್, ಇಲ್ಲಿನ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆದು ಕಲಿಯುವುದನ್ನು ನೋಡಿ ಅದನ್ನು ತನ್ನ ಶಾಲೆಗೂ ತಂದ. ಶಿಕ್ಷಕರು ಒಪ್ಪದಿದ್ದಾಗ ದೊಡ್ಡ ಹುಡುಗರಿಂದಲೇ ಚಿಕ್ಕವರಿಗೆ ಪಾಠ ಹೇಳಿಸಿದ. ಇದು ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಹೋಯಿತು. ಅಲ್ಲಿ 1846ರಲ್ಲಿ, ಹದಿಮೂರು ವರ್ಷ ತುಂಬಿದ ಜಾಣ ಮಕ್ಕಳನ್ನು ಐದು ವರ್ಷ ಮುಖ್ಯ ಶಿಕ್ಷಕರ ಕೈಕೆಳಗೆ ಇರಿಸಿ ಶಿಕ್ಷಕರನ್ನಾಗಿ ತಯಾರು ಮಾಡುವ ಸರ್ಕಾರಿ ಯೋಜನೆ ಬಂತು. ಅಗ್ಗ ಎಂಬುದು ಈ ಎರಡೂ ಪದ್ಧತಿಗಳ ದೊಡ್ಡ ಆಕರ್ಷಣೆ.

ಅವು ಮರೆಯಾಗಿ ಕಾಲೇಜುಗಳು ಬೆಳೆದದ್ದಕ್ಕೆ ಕಾರಣವಿದೆ. ಯಾರ ಕೈಕೆಳಗೆ ಕಲಿತರೋ ಅವರ ರೀತಿಯೇ ಅಂಟುತ್ತಿತ್ತು. ಮುಖ್ಯ ಶಿಕ್ಷಕ ಸಮರ್ಥನಾಗಿದ್ದರೆ ಹುಡುಗನೂ ಸಮರ್ಥ, ಆತ ಬೆತ್ತದ ಮೇಲೆ ತರಗತಿ ನಡೆಸುವವನಾದರೆ ಹುಡುಗನೂ ಹಾಗೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಈ ಅಂಶವನ್ನೇ ಇನ್ನೊಂದು ಬದಿಯಿಂದ ಹೇಳಿದರು. ಶಿಕ್ಷಕರಾಗುವವರು ತರಬೇತಿಗೆ ಬರುವ ಮೊದಲೇ ವಿದ್ಯಾರ್ಥಿಗಳಾಗಿ ಸಾವಿರಾರು ತಾಸು ತರಗತಿಯಲ್ಲಿ ಕುಳಿತು ಶಿಕ್ಷಕರನ್ನು ನೋಡಿರುತ್ತಾರೆ, ಆ ನೋಟದಿಂದ ಪಾಠ ಎಂದರೆ ಹೀಗೆ ಎಂಬ ಗಟ್ಟಿಯಾದ ಕಲ್ಪನೆ ಬೆಳೆದಿರುತ್ತದೆ. ಆದರೆ ಅವರು ನೋಡಿದ್ದು ಶಿಕ್ಷಕರು ಮಾಡಿದ್ದನ್ನು ಮಾತ್ರ. ಹಾಗೆ ಏಕೆ ಮಾಡಿದರು ಎಂಬುದು ಬೆಂಚಿನಿಂದ ಕಾಣುವುದಿಲ್ಲ. ಶಾಲೆಗೆ ಕಳಿಸಿದ ಮಾತ್ರಕ್ಕೆ ಇದು ಬದಲಾಗುವುದಿಲ್ಲ ಎಂಬುದು ಕಾಲೇಜು ಪರವಾದಿಗಳ ಬಲವಾದ ಆಧಾರ.

ಶಾಲೆಯ ಪರ ಇರುವವರ ಮಾತು

ಕೆಲವು ಸಂಗತಿಗಳನ್ನು ಶಾಲೆಯ ಹೊರಗೆ ಕಲಿಸಲು ಆಗುವುದೇ ಇಲ್ಲ ಎನ್ನುತ್ತಾರೆ ಇವರು. ಕರ್ನಾಟಕದಲ್ಲಿ ಇದಕ್ಕೆ ನಲಿ-ಕಲಿಗಿಂತ ಒಳ್ಳೆಯ ನಿದರ್ಶನ ಹುಡುಕಬೇಕಾಗಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರಿಂದ ರಾಜ್ಯದಾದ್ಯಂತ ಹರಡಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮಗು ತಾನು ತಲುಪಿರುವ ಮೈಲಿಗಲ್ಲಿಗೆ ತಕ್ಕ ಕಾರ್ಡನ್ನು ಎತ್ತಿಕೊಂಡು, ಆ ಚಟುವಟಿಕೆಗೆ ಗೊತ್ತುಮಾಡಿದ ತಟ್ಟೆಯ ಗುಂಪಿಗೆ ಹೋಗುತ್ತದೆ. ಒಂದನೇ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ಸಹಾಯ, ಎರಡರಲ್ಲಿ ಭಾಗಶಃ, ಮೂರು ಮತ್ತು ನಾಲ್ಕರಲ್ಲಿ ಗೆಳೆಯರ ಸಹಾಯ, ಐದರಲ್ಲಿ ಸ್ವಕಲಿಕೆ.

ಇದನ್ನು ಕಾಲೇಜಿನ ಕೋಣೆಯಲ್ಲಿ ಹತ್ತು ನಿಮಿಷದಲ್ಲಿ ವಿವರಿಸಬಹುದು; ಪರೀಕ್ಷೆಯಲ್ಲಿ ಐದು ತಟ್ಟೆಗಳ ಹೆಸರು ಬರೆದು ಪೂರ್ಣ ಅಂಕ ಗಳಿಸಬಹುದು. ಆದರೆ ಒಂದನೇ ತಟ್ಟೆಯಲ್ಲಿ ಕುಳಿತು ಒಂದು ಮಗುವಿಗೆ ಅಕ್ಷರ ತಿದ್ದಿಸುತ್ತಿರುವಾಗ ಐದನೇ ತಟ್ಟೆಯ ಮಗು ಕೆಲಸ ಮುಗಿಸಿ ಸುಮ್ಮನೆ ಕುಳಿತಿದೆಯೆಂದು ಬೆನ್ನ ಹಿಂದಿನಿಂದಲೇ ತಿಳಿಯುವುದು, ಗೆಳೆಯನ ಸಹಾಯ ಎಂಬ ಹೆಸರಿನಲ್ಲಿ ಒಬ್ಬ ಇನ್ನೊಬ್ಬನ ಉತ್ತರ ನಕಲು ಮಾಡುತ್ತಿರುವುದನ್ನು ಗುರುತಿಸುವುದು, ಮೂರು ವಾರದಿಂದ ಒಂದೇ ಮೈಲಿಗಲ್ಲಿನಲ್ಲಿ ನಿಂತುಬಿಟ್ಟ ಮಗುವನ್ನು ಪ್ರಗತಿ ನೋಟದಲ್ಲಿ ಕಂಡುಹಿಡಿದು ಕಾರಣ ಹುಡುಕುವುದು, ಇವೆಲ್ಲ ಅದೇ ಕೋಣೆಯಲ್ಲಿ, ಅದೇ ಗದ್ದಲದ ನಡುವೆ ಮಾತ್ರ ಬರುವ ಕೌಶಲಗಳು.

ಎರಡನೆಯ ವಾದ ಉಳಿಕೆಗೆ ಸಂಬಂಧಿಸಿದ್ದು. ಶಾಲೆಯ ದಿನಚರಿ, ಪೋಷಕರ ಸಭೆ, ಬಿಸಿಯೂಟದ ಹೊಣೆ, ದಾಖಲೆಗಳ ಭಾರ ಇವೆಲ್ಲವನ್ನೂ ಮೊದಲೇ ನೋಡಿದವರು ಕೆಲಸಕ್ಕೆ ಸೇರಿದ ಮೊದಲ ವರ್ಷ ಕಂಗಾಲಾಗುವುದಿಲ್ಲ. ಈ ಕಸುಬು ತನಗೆ ಒಗ್ಗುವುದಿಲ್ಲ ಎಂದು ಕಂಡುಕೊಳ್ಳುವವರಿಗೂ ನೇಮಕವಾಗುವ ಮೊದಲೇ ಅದು ತಿಳಿಯುವುದು ಒಳ್ಳೆಯದು.

ಕಾಲೇಜಿನ ಪರ ಇರುವವರ ಮಾತು

ಎರಡನೇ ತರಗತಿಯ ಮಗುವೊಂದು 42ರಲ್ಲಿ 17 ಕಳೆದು 35 ಎಂದು ಬರೆದಿದೆ ಎಂದುಕೊಳ್ಳಿ. ಅನುಭವವಿಲ್ಲದ ಶಿಕ್ಷಕ ಅಡ್ಡಗೆರೆ ಎಳೆದು 25 ಎಂದು ತಿದ್ದುತ್ತಾನೆ. ಮಾರನೆಯ ದಿನ ಮಗು 53ರಲ್ಲಿ 28 ಕಳೆದು 35 ಎಂದು ಬರೆಯುತ್ತದೆ. ಮಗುವಿನ ಗಮನ ಎಲ್ಲೋ ಇದೆ ಎಂದು ಆತ ತೀರ್ಮಾನಿಸುತ್ತಾನೆ. ವಾಸ್ತವದಲ್ಲಿ ಮಗು ಪ್ರತಿ ಸಲವೂ ಒಂದೇ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ: ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆ, ಯಾವುದು ಮೇಲಿದೆ ಎಂದು ನೋಡಬೇಡ. ಆ ನಿಯಮವನ್ನು ಮಗು ಏಕೆ ಕಟ್ಟಿಕೊಂಡಿತು, ಸ್ಥಾನಬೆಲೆಯ ಯಾವ ತಿಳಿವಳಿಕೆ ಅದಕ್ಕೆ ಇನ್ನೂ ಬಂದಿಲ್ಲ, ಕಡ್ಡಿಯ ಕಟ್ಟುಗಳನ್ನು ಬಿಚ್ಚಿಸಿ ಅದನ್ನು ಹೇಗೆ ತೋರಿಸಬೇಕು ಎಂಬುದು ಗಣಿತ ಬೋಧನಾ ಶಾಸ್ತ್ರದ ವಿಷಯ. ನಿತ್ಯವೂ ಅಡ್ಡಗೆರೆ ಎಳೆಯುವುದನ್ನೇ ನೋಡುತ್ತ ಇಪ್ಪತ್ತು ವಾರ ಕಳೆದರೂ ಅದು ತಾನಾಗಿ ಹೊಳೆಯುವುದಿಲ್ಲ.

ಕಾಲೇಜು ಬೇಕೆನ್ನುವವರ ವಾದದ ತಿರುಳು ಇದು. ಶಾಲೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಅರ್ಥಮಾಡಿಕೊಳ್ಳಲು ಬೇಕಾದ ಪರಿಕಲ್ಪನೆಗಳನ್ನು ಶಾಲೆಯಿಂದ ಒಂದಿಷ್ಟು ದೂರದಲ್ಲಿ, ಗಂಟೆ ಬಾರಿಸುವ ಒತ್ತಡವಿಲ್ಲದ ಜಾಗದಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ. ಮನೆಮಾತು ಬೇರೆಯಾಗಿರುವ ಮಗು, ಅಂಗವೈಕಲ್ಯವಿರುವ ಮಗು, ಜಾತಿಯ ಕಾರಣಕ್ಕೆ ಹಿಂದಿನ ಸಾಲಿಗೆ ಸರಿದ ಮಗು, ಇವರನ್ನು ಶಾಲೆ ಈಗ ನಡೆಸಿಕೊಳ್ಳುತ್ತಿರುವ ರೀತಿಯೇ ತಪ್ಪಾಗಿದ್ದರೆ, ಆ ಶಾಲೆಯೊಂದೇ ಗುರುವಾದಾಗ ತಪ್ಪೂ ಮುಂದಿನ ತಲೆಮಾರಿಗೆ ದಾಟುತ್ತದೆ.

ಎರಡೂ ಕಡೆಯವರು ಸರಿಯಾದದ್ದನ್ನೇ ಹೇಳುತ್ತಿದ್ದಾರೆ. ಆದರೆ ಇವರಿಬ್ಬರ ಜಗಳ ಗಂಟೆಗಳ ಹಂಚಿಕೆಯ ಜಗಳವಾಗಿ ನಡೆಯುತ್ತಿರುವುದು ಅಷ್ಟು ಪ್ರಯೋಜನಕರವಲ್ಲ. ಆ 35ನ್ನು ನೋಡಿದ ದಿನವೇ ಅದರ ಬಗ್ಗೆ ತಿಳಿದವರೊಬ್ಬರು ಪಕ್ಕದಲ್ಲಿ ಕುಳಿತು ಪ್ರಶಿಕ್ಷಣಾರ್ಥಿಯ ಜೊತೆ ಮಾತಾಡಿದರೆ ಶಾಸ್ತ್ರವೂ ಅನುಭವವೂ ಒಟ್ಟಿಗೆ ಬರುತ್ತವೆ. 1964–66ರ ಕೊಠಾರಿ ಆಯೋಗವೇ ಶಿಕ್ಷಕ ಶಿಕ್ಷಣ ಶಾಲೆಗಳಿಂದಲೂ ವಿಶ್ವವಿದ್ಯಾಲಯಗಳಿಂದಲೂ ಬೇರ್ಪಟ್ಟು ಒಂಟಿಯಾಗಿದೆ ಎಂದು ಎಚ್ಚರಿಸಿತ್ತು. ಅಷ್ಟು ಹಿಂದೆ ಗುರುತಿಸಿದ ಸಮಸ್ಯೆ ಇದು.

ಇಂಗ್ಲೆಂಡ್ ಮತ್ತು ಫಿನ್‌ಲೆಂಡ್: ಒಂದೇ ಗುರಿ, ಎರಡು ದಾರಿ

ಶಾಲೆ ಆಧಾರಿತ ತರಬೇತಿಯ ಮಾತು ಬಂದಾಗ ಇಂಗ್ಲೆಂಡನ್ನು ಉದಾಹರಿಸುವುದು ವಾಡಿಕೆ. ಅಲ್ಲಿ 1993ರಿಂದ ಶಾಲೆಗಳ ಒಕ್ಕೂಟಗಳೇ ತರಬೇತಿ ನಡೆಸಲು ಅವಕಾಶ ಸಿಕ್ಕಿತು. 2010ರ ನಂತರದ ಸರ್ಕಾರ ಇದನ್ನು ಇನ್ನಷ್ಟು ವಿಸ್ತರಿಸಿ, ಶಾಲೆಗಳೇ ಅಭ್ಯರ್ಥಿಗಳನ್ನು ಆರಿಸಿಕೊಳ್ಳುವ ಯೋಜನೆಯನ್ನು 2012ರಲ್ಲಿ ತಂದಿತು. ಅದರಲ್ಲಿ ಶುಲ್ಕ ಕಟ್ಟಿ ಕಲಿಯುವ ಹಾದಿಯ ಜೊತೆಗೆ ಸಂಬಳ ಪಡೆಯುತ್ತ ಕಲಿಯುವ ಹಾದಿಯೂ ಇತ್ತು. ಪದವಿಯ ನಂತರದ ತರಬೇತಿಯಲ್ಲಿ ಸಾಮಾನ್ಯವಾಗಿ 120 ದಿನ ಶಾಲೆಯಲ್ಲಿರಬೇಕು, ಅದೂ ಕನಿಷ್ಠ ಎರಡು ಶಾಲೆಗಳಲ್ಲಿ ಎಂಬ ನಿಯಮವಿದೆ. ಎರಡು ಶಾಲೆ ಎಂಬ ಷರತ್ತು ಚಿಕ್ಕದಾಗಿ ಕಂಡರೂ ಅರ್ಥಪೂರ್ಣವಾದದ್ದು. ಒಂದೇ ಶಾಲೆಯ ರೂಢಿಯನ್ನೇ ಸರಿಯಾದ ಕ್ರಮವೆಂದು ನಂಬುವುದನ್ನು ಅದು ತಡೆಯುತ್ತದೆ.

ಇಂಗ್ಲೆಂಡಿನ ಅನುಭವದಲ್ಲಿ ನಮಗೆ ಮುಖ್ಯವಾದದ್ದು ಆಮೇಲೆ ನಡೆದದ್ದು. ತರಬೇತಿ ಶಾಲೆಗಳ ಕೈಗೆ ಹೋದ ಮೇಲೆ ಗುಣಮಟ್ಟ ಜಾಗದಿಂದ ಜಾಗಕ್ಕೆ ಬದಲಾಗತೊಡಗಿತು ಎಂಬ ಆತಂಕದಿಂದ 2021ರಲ್ಲಿ ಇಡೀ ವ್ಯವಸ್ಥೆಯ ಪರಾಮರ್ಶೆ ನಡೆಯಿತು. ಎಲ್ಲ ತರಬೇತಿ ಸಂಸ್ಥೆಗಳೂ ಹೊಸದಾಗಿ ಮಾನ್ಯತೆ ಪಡೆಯಬೇಕಾಯಿತು. 179 ಸಂಸ್ಥೆಗಳಿಗೆ ಮಾನ್ಯತೆ ಸಿಕ್ಕಿತು, ಕೆಲವು ಹೊರಗುಳಿದವು. 2024ರ ಸೆಪ್ಟೆಂಬರ್‌ನಿಂದ ಜಾರಿಯಾದ ಹೊಸ ಕ್ರಮದಲ್ಲಿ ಶಾಲೆಯ ಮಾರ್ಗದರ್ಶಿ ಶಿಕ್ಷಕರಿಗೇ ತರಬೇತಿ ಕೊಡುವುದು ಸಂಸ್ಥೆಗಳ ಹೊಣೆಯಾಯಿತು. ಶಾಲೆಗೆ ಕಳಿಸುವುದರಿಂದ ಆರಂಭಿಸಿದ ದೇಶ ಕೊನೆಗೆ ಶಾಲೆಯಲ್ಲಿ ಕಲಿಸುವವರ ಬಳಿಗೆ ಬಂದು ನಿಂತಿತು.

ಫಿನ್‌ಲೆಂಡ್ ತುದಿಯನ್ನೇ ಬೇರೆ ಹಿಡಿಯಿತು. ಅಲ್ಲಿ ಪ್ರಾಥಮಿಕ ಶಿಕ್ಷಕರ ತರಬೇತಿ 1970ರ ದಶಕದಲ್ಲಿ ವಿಶ್ವವಿದ್ಯಾಲಯಗಳಿಗೆ ಹೋಯಿತು, 1979ರಿಂದ ಸ್ನಾತಕೋತ್ತರ ಪದವಿ ಕಡ್ಡಾಯವಾಯಿತು. ಹಾಗೆಂದು ಶಾಲೆ ದೂರವಾಗಲಿಲ್ಲ. ವಿಶ್ವವಿದ್ಯಾಲಯಗಳಿಗೇ ಸೇರಿದ ತರಬೇತಿ ಶಾಲೆಗಳಿವೆ, ಅಲ್ಲಿನ ಶಿಕ್ಷಕರ ಕೆಲಸದಲ್ಲಿ ಮಕ್ಕಳಿಗೆ ಪಾಠ ಮಾಡುವುದೂ ಪ್ರಶಿಕ್ಷಣಾರ್ಥಿಗಳಿಗೆ ಮಾರ್ಗದರ್ಶನ ಮಾಡುವುದೂ ಎರಡೂ ಸೇರಿವೆ. ನಮ್ಮಲ್ಲೂ ಇಂಥ ಕಲ್ಪನೆ ಇಲ್ಲದೆ ಇಲ್ಲ. 1963ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲೇ ಪ್ರಾತ್ಯಕ್ಷಿಕ ಶಾಲೆಯಿದೆ. ಅಜ್ಮೇರ್, ಭೋಪಾಲ್, ಭುವನೇಶ್ವರದ ಸಂಸ್ಥೆಗಳಲ್ಲೂ ಹಾಗೆಯೇ. ಆ ಮಾದರಿ ಈ ಬೆರಳೆಣಿಕೆಯ ಆವರಣಗಳನ್ನು ದಾಟಿ ಸಾಮಾನ್ಯ ಡಿ.ಎಲ್.ಎಡ್ ಕಾಲೇಜಿನ ತನಕ ಬರಲಿಲ್ಲ.

ಗಂಟು ಇರುವುದು ಮಾರ್ಗದರ್ಶಿ ಶಿಕ್ಷಕರ ಬಳಿ

ಪ್ರಶಿಕ್ಷಣಾರ್ಥಿ ಶಾಲೆಗೆ ಬಂದಾಗ ಅಲ್ಲಿ ಯಾರಿರುತ್ತಾರೆ ಎಂದು ನೋಡೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಹಳ್ಳಿಯ ಬಹಳಷ್ಟು ಶಾಲೆಗಳು ಈ ಗುಂಪಿಗೆ ಸೇರುತ್ತವೆ. ದೇಶದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಶಿಕ್ಷಣ ಸಚಿವಾಲಯವು ಶಾಲೆಗಳಿಂದ ಸಂಗ್ರಹಿಸುವ ಯುಡೈಸ್ ದತ್ತಾಂಶವೇ ಹೇಳುತ್ತದೆ. ಇಬ್ಬರಲ್ಲಿ ಒಬ್ಬರು ಮುಖ್ಯ ಶಿಕ್ಷಕರ ಪ್ರಭಾರದಲ್ಲಿರುತ್ತಾರೆ. ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ, ಬಿಇಒ ಕಚೇರಿಯ ಸಭೆ ಅವರ ಪಾಲಿಗೆ. ಇನ್ನೊಬ್ಬರು ರಜೆಯಲ್ಲೋ, ಯಾವುದಾದರೂ ತರಬೇತಿಯಲ್ಲೋ, ಚುನಾವಣೆ ಅಥವಾ ಜನಗಣತಿಯ ಕೆಲಸದಲ್ಲೋ ಇರುವ ದಿನಗಳು ಕಡಿಮೆಯೇನಲ್ಲ. ಚುನಾವಣೆ, ಜನಗಣತಿ, ವಿಪತ್ತು ಪರಿಹಾರದ ಕೆಲಸಗಳಿಗೆ ಶಿಕ್ಷಕರನ್ನು ಬಳಸಲು ಕಾಯ್ದೆಯ 27ನೇ ಕಲಮೇ ಅನುಮತಿಸುತ್ತದೆ.

ಇಂಥ ಶಾಲೆಗೆ ಇಬ್ಬರು ಪ್ರಶಿಕ್ಷಣಾರ್ಥಿಗಳು ಬಂದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೊದಲ ವಾರವೇ ಖಾಲಿ ತರಗತಿಗೆ ಅವರನ್ನು ಕಳಿಸಲಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಮಕ್ಕಳನ್ನು ಸುಮ್ಮನೆ ಕೂರಿಸುವುದಕ್ಕಿಂತ ಅದೇ ವಾಸಿ ಎಂದು ಮುಖ್ಯ ಶಿಕ್ಷಕರಿಗೆ ಅನ್ನಿಸುವುದು ಸಹಜ. ಆದರೆ ಪರಿಣಾಮ ಸ್ಪಷ್ಟ. ನೋಡಿ ಕಲಿಯಬೇಕಾದ ಹಂತ ಜಾರಿಹೋಗುತ್ತದೆ. ಪಾಠವನ್ನು ನೋಡಿ ತಿದ್ದುವವರು ಯಾರೂ ಇರುವುದಿಲ್ಲ. ಮೊದಲ ಕೆಲವು ದಿನಗಳಲ್ಲಿ ತರಗತಿಯನ್ನು ಸದ್ದಿಲ್ಲದಂತೆ ಇಡಲು ಏನು ಫಲಿಸಿತೋ, ಉದಾಹರಣೆಗೆ ಹಲಗೆಯ ಮೇಲೆ ಉದ್ದಕ್ಕೆ ಬರೆದು ನಕಲು ಮಾಡಿಸುವುದು, ಅದೇ ಪದ್ಧತಿಯಾಗಿ ಗಟ್ಟಿಯಾಗುತ್ತದೆ. ಸಿಬ್ಬಂದಿ ಕೊರತೆ ಹೆಚ್ಚಿದ್ದಲ್ಲಿ ಪ್ರಶಿಕ್ಷಣಾರ್ಥಿಯ ಅಗತ್ಯ ಹೆಚ್ಚು, ಅಲ್ಲೇ ಮಾರ್ಗದರ್ಶನ ಸಿಗುವ ಸಾಧ್ಯತೆ ಅತಿ ಕಡಿಮೆ. ಇಂಟರ್ನ್‌ಶಿಪ್ ಅವಧಿ ಹೆಚ್ಚಿದಷ್ಟೂ ಈ ವಿಪರ್ಯಾಸ ಬೆಳೆಯುತ್ತದೆ.

ಸಿಬ್ಬಂದಿ ಸಾಕಷ್ಟು ಇರುವ ಶಾಲೆಯಲ್ಲಾದರೂ ಮಾರ್ಗದರ್ಶಿಯಾಗುವ ಶಿಕ್ಷಕರಿಗೆ ಅದರಿಂದ ಸಿಗುವುದೇನು? ಅವರ ಪೀರಿಯಡ್ಡುಗಳು ಕಡಿಮೆಯಾಗುವುದಿಲ್ಲ, ಬಡ್ತಿಗೆ ಅದು ಗಣನೆಗೆ ಬರುವುದಿಲ್ಲ. ಒಳ್ಳೆಯ ಶಿಕ್ಷಕಿ ಒಳ್ಳೆಯ ಮಾರ್ಗದರ್ಶಿಯೂ ಆಗಿರುತ್ತಾಳೆ ಎಂಬ ನಂಬಿಕೆಯೂ ಪ್ರಶ್ನಾರ್ಹ. ಇಪ್ಪತ್ತು ವರ್ಷ ಪಾಠ ಮಾಡಿದವರ ಎಷ್ಟೋ ನಿರ್ಧಾರಗಳು ಅವರಿಗೇ ಅರಿವಿಲ್ಲದಂತೆ ಆಗುತ್ತವೆ. ಆ ಮಗುವನ್ನೇ ಏಕೆ ಕರೆದಿರಿ, ಅಲ್ಲಿ ಏಕೆ ನಿಲ್ಲಿಸಿದಿರಿ ಎಂದು ಕೇಳಿದರೆ ಹಾಗೇ ಅನ್ನಿಸಿತು ಎನ್ನುವವರೇ ಹೆಚ್ಚು. ಆ ಅನ್ನಿಸಿಕೆಯ ಹಿಂದಿರುವ ಕಾರಣವನ್ನು ಬಿಡಿಸಿ ಹೇಳುವುದು ಇನ್ನೊಂದು ಕೌಶಲ, ಅದಕ್ಕೂ ತರಬೇತಿ ಬೇಕು. 2020ರ ನೀತಿ ರಾಷ್ಟ್ರೀಯ ಮಾರ್ಗದರ್ಶನ ಮಿಷನ್ ಎಂಬ ಯೋಜನೆಯನ್ನು ಪ್ರಸ್ತಾಪಿಸಿದೆ. ಆದರೆ ತಾಲ್ಲೂಕಿನ ಶಾಲೆಯಲ್ಲಿ ಪ್ರತಿ ವಾರ ಎರಡು ತಾಸು ಪ್ರಶಿಕ್ಷಣಾರ್ಥಿಯ ಪಾಠ ನೋಡಿ ಮಾತಾಡುವ ಶಿಕ್ಷಕಿಗೆ ಆ ಎರಡು ತಾಸನ್ನು ವೇಳಾಪಟ್ಟಿಯಲ್ಲಿ ಯಾರು ಬಿಡುಗಡೆ ಮಾಡುತ್ತಾರೆ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ಕೊನೆಗೆ ಲೆಕ್ಕಕ್ಕೆ ಬರುವುದು ಯಾವುದು

ಇನ್ನೊಂದು ಅಡಚಣೆ ನೇಮಕಾತಿಯ ಕಡೆಯಿಂದ ಬರುತ್ತದೆ. ಪ್ರಾಥಮಿಕ ಹಂತದ ಟಿಇಟಿ ಪತ್ರಿಕೆಯಲ್ಲಿ 150 ಬಹುಆಯ್ಕೆ ಪ್ರಶ್ನೆಗಳು: ಶಿಶು ವಿಕಾಸ ಮತ್ತು ಬೋಧನಾ ಶಾಸ್ತ್ರ, ಎರಡು ಭಾಷೆಗಳು, ಗಣಿತ, ಪರಿಸರ ಅಧ್ಯಯನ, ತಲಾ 30. ಸಾಮಾನ್ಯ ವರ್ಗಕ್ಕೆ ಶೇ 60 ಅಂಕ ಅರ್ಹತೆಯ ಮಟ್ಟ. ಆಮೇಲೆ ನಡೆಯುವ ನೇಮಕಾತಿ ಪರೀಕ್ಷೆಯೂ ಲಿಖಿತ. ಇಂಟರ್ನ್‌ಶಿಪ್‌ನಲ್ಲಿ ಯಾರು ಹೇಗೆ ಕಲಿಸಿದರು ಎಂಬುದು ಈ ಪರೀಕ್ಷೆಗಳಲ್ಲಿ ಎಲ್ಲೂ ನೇರವಾಗಿ ಪ್ರವೇಶಿಸುವುದಿಲ್ಲ.

ಅಭ್ಯರ್ಥಿಯ ಜಾಗದಲ್ಲಿ ನಿಂತು ಯೋಚಿಸಿದರೆ ಮುಂದಿನದು ತಾನೇ ತಿಳಿಯುತ್ತದೆ. ಎರಡನೇ ವರ್ಷದ ಹದಿನಾರು ವಾರಗಳನ್ನು ಶಾಲೆಯಲ್ಲಿ ಮನಸ್ಸಿಟ್ಟು ಕಳೆದವರಿಗಿಂತ ಆ ಅವಧಿಯಲ್ಲಿ ಕೋಚಿಂಗ್‌ಗೆ ಹೋದವರಿಗೆ ಕೆಲಸ ಸಿಗುವ ಸಾಧ್ಯತೆ ಹೆಚ್ಚು. ಹಾಜರಿ ಪುಸ್ತಕದಲ್ಲಿ ಸಹಿ, ಅವಲೋಕನ ದಾಖಲೆಯ ನಕಲು, ಕೊನೆಯ ವಾರದಲ್ಲಿ ಒಟ್ಟಿಗೆ ಬರೆದು ಮುಗಿಸಿದ ಪಾಠ ಯೋಜನೆಗಳು, ಇವು ಸೋಮಾರಿತನದಿಂದ ಹುಟ್ಟುವಂಥವಲ್ಲ. ವ್ಯವಸ್ಥೆ ಯಾವುದಕ್ಕೆ ಬೆಲೆ ಕೊಡುತ್ತದೆಂದು ಯುವಕರು ಸರಿಯಾಗಿ ಓದಿಕೊಂಡದ್ದರ ಫಲ. ಸೇವಾನಿರತರಿಗೂ ಟಿಇಟಿ ಕಡ್ಡಾಯ ಎಂಬ ತೀರ್ಪಿನ ನಂತರ ಲಿಖಿತ ಪರೀಕ್ಷೆಯ ತೂಕ ಇನ್ನೂ ಹೆಚ್ಚಲಿದೆ. ಮಾರ್ಗದರ್ಶಿಗಳಾಗಬಹುದಾದ ಹಿರಿಯ ಶಿಕ್ಷಕರಲ್ಲೇ ಹಲವರು ಈ ಎರಡು ವರ್ಷ ತಾವೇ ಪರೀಕ್ಷೆಗೆ ಓದುತ್ತಿರುತ್ತಾರೆ ಎಂಬುದನ್ನು ಅಷ್ಟಾಗಿ ಯಾರೂ ಗಮನಿಸಿದಂತಿಲ್ಲ.

ಮುಂದೆ ಆಗಬಹುದಾದದ್ದು

2030ರ ಹೊತ್ತಿಗೆ ನಾಲ್ಕು ವರ್ಷದ ಸಮಗ್ರ ಪದವಿಯೇ ಕನಿಷ್ಠ ಅರ್ಹತೆಯಾಗಬೇಕು, ಬಹುಶಿಸ್ತೀಯ ಸಂಸ್ಥೆಗಳಲ್ಲಿ ಮಾತ್ರ ಶಿಕ್ಷಕ ತರಬೇತಿ ನಡೆಯಬೇಕು ಎಂಬುದು 2020ರ ನೀತಿಯ ಗುರಿ. ಡಿ.ಎಲ್.ಎಡ್ ಸದ್ಯಕ್ಕೆ ಮಾನ್ಯ ಅರ್ಹತೆಯೇ ಆಗಿದ್ದರೂ, ಗುರಿ ಈಡೇರಿದರೆ ಕಲಿಕೆಯ ಕೇಂದ್ರ ಸಣ್ಣ ಪಟ್ಟಣದ ಕಾಲೇಜಿನಿಂದ ನಗರದ ವಿಶ್ವವಿದ್ಯಾಲಯದ ಕಡೆಗೆ ಸರಿಯುತ್ತದೆ. ವಿಷಯಜ್ಞಾನ ಗಟ್ಟಿಯಾಗುವುದು ಇದರ ಲಾಭ. ನಷ್ಟ ಎರಡು ಬಗೆಯದು. ಪಿಯುಸಿ ಮುಗಿಸಿ ಎರಡು ವರ್ಷದಲ್ಲಿ ಕೆಲಸಕ್ಕೆ ಅರ್ಹರಾಗುತ್ತಿದ್ದ, ಮನೆಯಿಂದ ಓಡಾಡಿ ಓದುತ್ತಿದ್ದ ಹಳ್ಳಿಯ ಹೆಣ್ಣುಮಕ್ಕಳಿಗೆ ನಾಲ್ಕು ವರ್ಷ ಮತ್ತು ಹಾಸ್ಟೆಲ್ಲಿನ ಖರ್ಚು ದೊಡ್ಡ ತಡೆಯಾಗಬಹುದು. ಜೊತೆಗೆ, ನಗರದ ಸಂಸ್ಥೆ ತನ್ನ ವಿದ್ಯಾರ್ಥಿಗಳನ್ನು ಹತ್ತಿರದ ನಗರ ಶಾಲೆಗಳಿಗೇ ಕಳಿಸುವುದು ಅನುಕೂಲವಾದ್ದರಿಂದ, ಮೂರು ತರಗತಿ ಒಂದೇ ಕೋಣೆಯಲ್ಲಿರುವ ಶಾಲೆಯನ್ನು ನೋಡದೆಯೇ ಪದವಿ ಪಡೆದವರು ಅಂಥ ಶಾಲೆಗೇ ನೇಮಕವಾಗುವ ಸಂದರ್ಭ ಹೆಚ್ಚುತ್ತದೆ.

1986ರ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಬಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಈ ಕಂದರವನ್ನು ತುಂಬಲು ಇರುವ ಸೂಕ್ತ ಜಾಗ. ಸೇವಾಪೂರ್ವ ತರಬೇತಿ ಮತ್ತು ಸೇವಾನಿರತರ ತರಬೇತಿ ಎರಡೂ ಒಂದೇ ಸೂರಿನಡಿ ಇರುವುದು ಅಲ್ಲಿ. ಜಿಲ್ಲೆಯ ಆಯ್ದ ಶಾಲೆಗಳಲ್ಲಿ ಮಾರ್ಗದರ್ಶಿ ಶಿಕ್ಷಕರನ್ನು ಗುರುತಿಸಿ, ಅವರಿಗೆ ತರಬೇತಿ ಕೊಟ್ಟು, ಇಂಟರ್ನ್‌ಶಿಪ್ ನಡೆಯುವ ತಿಂಗಳುಗಳಲ್ಲಿ ಆ ಶಾಲೆಗಳಿಗೆ ಹೆಚ್ಚುವರಿ ಅತಿಥಿ ಶಿಕ್ಷಕರನ್ನು ಕೊಟ್ಟರೆ ಮಾರ್ಗದರ್ಶಿಗೆ ಸಮಯ ಸಿಗುತ್ತದೆ. ಇದಕ್ಕೆ ಹಣ ಬೇಕು. ವೈದ್ಯಕೀಯ ಇಂಟರ್ನ್‌ಗಳಿಗೆ ಶಿಷ್ಯವೇತನ ಕೊಡುವುದು ಸ್ವಾಭಾವಿಕವೆಂದು ಒಪ್ಪುವ ಸರ್ಕಾರಗಳು ಶಾಲೆಯ ಇಂಟರ್ನ್‌ಗಳ ಬಸ್ ಚಾರ್ಜಿನ ಬಗ್ಗೆಯೂ ಯೋಚಿಸದಿರುವಾಗ ಆ ಹಣ ಸುಲಭವಾಗಿ ಬರುವುದಿಲ್ಲ ಎಂಬುದೂ ನಿಜ.

ಹೊಸ ನಿಯಮಗಳ ಸುದ್ದಿ ಬಂದಾಗ ಇಂಟರ್ನ್‌ಶಿಪ್‌ನ ವಾರಗಳ ಸಂಖ್ಯೆಯೇ ತಲೆಬರಹವಾಗುತ್ತದೆ. ಓದುಗರು ಅದರ ಕೆಳಗೆ ಮೂರು ವಿವರಗಳನ್ನು ಹುಡುಕಬೇಕು. ಪ್ರಶಿಕ್ಷಣಾರ್ಥಿಯೊಬ್ಬರಿಗೆ ಹೆಸರಿಸಿದ ಮಾರ್ಗದರ್ಶಿ ಶಿಕ್ಷಕರು ಇರಲೇಬೇಕೆಂದು ನಿಯಮ ಹೇಳುತ್ತದೆಯೇ. ಆ ಶಿಕ್ಷಕರ ಬೋಧನಾ ಅವಧಿಯಲ್ಲಿ ಅದಕ್ಕೆ ತಕ್ಕ ಕಡಿತವಿದೆಯೇ. ಪ್ರಶಿಕ್ಷಣಾರ್ಥಿಯನ್ನು ಖಾಲಿ ತರಗತಿಗೆ ಒಬ್ಬಂಟಿಯಾಗಿ ಕಳಿಸುವುದಕ್ಕೆ ಮಿತಿಯಿದೆಯೇ. ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ, ಹದಿನಾರು ವಾರ ಇಪ್ಪತ್ನಾಲ್ಕಾದರೂ ಪ್ರಶಿಕ್ಷಣಾರ್ಥಿಗೆ ಸಿಗುವುದು ಅದೇ ಖಾಲಿ ತರಗತಿ, ಇನ್ನೂ ಎಂಟು ವಾರ.